ಸಂಘದ ಗಾಲಿಕುರ್ಚಿಗಳಲ್ಲಿ ಯಾರೂ ಕೂರದಂತೆ ಕಾಪಾಡುವ ಕುರಿತು

ಸಾಮಗ್ರಿ ಸಾಗಣೆ, ನಿರ್ವಹಣೆ ಮತ್ತು ಸನ್ನದ್ಧತಾ ವಿಭಾಗ
ಕೇಂದ್ರ ಉಗ್ರಾಣ: ಸಂಚಾಲಕರ ಮನೆಯ ಗ್ಯಾರೇಜು, ಸಾಂಟಾ ಕ್ಲಾರಾ

ಸಂಖ್ಯೆ: ಸಾಸಾನಿ/ಗಾಕು/ಸುತ್ತೋಲೆ-9/2025
ದಿನಾಂಕ: 27 ಅಕ್ಟೋಬರ್ 2025

ವಿಷಯ: ಗಾಲಿಕುರ್ಚಿ ಸಮೂಹದ ಸಾಗಣೆ ಹಾಗೂ ನಿರ್ವಹಣೆಯ ತತ್ವಗಳನ್ನು ಪುನಃ ದೃಢೀಕರಿಸುವ ಬಗ್ಗೆ, ಮತ್ತು ಕುರ್ಚಿ ಸಂಖ್ಯೆ ನಾಲ್ಕನ್ನು ಹಿಂದಿರುಗಿಸುವ ಬಗ್ಗೆ.

ಉಲ್ಲೇಖ:
1. ಇದೇ ವಿಭಾಗದ ಹಿಂದಿನ ಎಂಟು ಸುತ್ತೋಲೆಗಳು. (ಇವನ್ನು ಯಾರೂ ಓದಿಲ್ಲವೆಂದು ತಿಳಿದುಬಂದಿರುತ್ತದೆ.)
2. ಕ್ಯಾಂಪ್‌ಬೆಲ್ ನಿವಾಸಿ ಶ್ರೀಮತಿ ಈರವ್ವ ಅವರ ಅರ್ಜಿ.
3. ಸದರಿಯವರು ದೂರವಾಣಿಯಲ್ಲಿ ನೀಡಿದ ಉತ್ತರ.

ಪ್ರಸ್ತಾವನೆ

ಮಕ್ಕಳ ಮನೆಗೆಂದು ಊರಿನಿಂದ ಬರುವ ಹಿರಿಯರಿಗಾಗಿ ಸದಸ್ಯ ಕುಟುಂಬಗಳು ಕೊಂಡು, ಕೆಲಸ ಮುಗಿದ ಮೇಲೆ ಇಲ್ಲಿನ ಕನ್ನಡ ಸಂಘಕ್ಕೆ ದಾನವಾಗಿ ಕೊಟ್ಟ ಆರು ಗಾಲಿಕುರ್ಚಿ, ಎರಡು ವಾಕರ್ ಹಾಗೂ ಒಂದು ಶೌಚಕುರ್ಚಿ ಈ ವಿಭಾಗದ ವಶದಲ್ಲಿರುತ್ತವೆ. ಹಿಂದೆ ಇವು ಯಾವ ಶಿಸ್ತೂ ಇಲ್ಲದೆ, ಬರೀ ಒಂದು ಫೋನು ಕರೆಯ ಮೇಲೆ, ಬೇಕಾದವರ ಮನೆಗೆ ಹೋಗಿ ಬೇಡವಾದಾಗ ಮರಳಿ ಬರುತ್ತಿದ್ದವು. ಈ ಅನಾಗರಿಕ ಸ್ಥಿತಿಯನ್ನು ಕೊನೆಗಾಣಿಸುವ ಸಲುವಾಗಿ, ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರ್ ಟ್ರಕ್ಕುಗಳ ಸಮೂಹವನ್ನು ಹಲವು ವರ್ಷ ನಿರ್ವಹಿಸಿದ ಶ್ರೀ ದ್ವಾರಕಾನಾಥ ಅವರನ್ನು ಸಂಚಾಲಕರನ್ನಾಗಿ ನೇಮಿಸಲಾಯಿತು. ಗಾಲಿ ಎಲ್ಲಿದ್ದರೂ ಗಾಲಿಯೇ ಎಂಬ ತಿಳಿವಳಿಕೆಯ ಮೇಲೆ, ಟ್ರಕ್ಕಿನ ತತ್ವಗಳನ್ನು ಅವರು ಕುರ್ಚಿಗೆ ಯಥಾವತ್ತಾಗಿ ಅನ್ವಯಿಸಿರುತ್ತಾರೆ.

ಸಾಫ್ಟ್‌ವೇರ್ ಎಂಜಿನಿಯರ್ ಆದ ಶ್ರೀಮತಿ ರಂಜನಿ ಅವರು ಸನ್ನದ್ಧತಾ ಪರಿವೀಕ್ಷಕರಾಗಿ ಒಂದು ಡ್ಯಾಶ್‌ಬೋರ್ಡನ್ನು ಸಿದ್ಧಪಡಿಸಿಕೊಟ್ಟರು. ಅದರಲ್ಲಿ ಗ್ಯಾರೇಜಿನೊಳಗಿರುವ ಕುರ್ಚಿ ಹಸಿರು, ಯಾರಾದರೂ ಕೂತಿರುವ ಕುರ್ಚಿ ಕೆಂಪು. ಅಂದಿನಿಂದ ಸಮೂಹವು ಅಖಂಡ ಹಸಿರಾಗಿದ್ದು, ಸನ್ನದ್ಧತೆ ನೂರಕ್ಕೆ ನೂರು ಇತ್ತು. ವಾರ್ಷಿಕ ಸಭೆಯಲ್ಲಿ ಈ ಸಾಧನೆಗೆ ಸದಸ್ಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಎದ್ದುನಿಲ್ಲಲಾಗದವರು ಸಭೆಗೆ ಬಂದಿರಲಿಲ್ಲ. ಅವರನ್ನು ಕರೆತರಲು ಕುರ್ಚಿ ಲಭ್ಯವಿರಲಿಲ್ಲ.

ಇಂಥ ನಿಷ್ಕಳಂಕ ವ್ಯವಸ್ಥೆಗೆ ಈ ತಿಂಗಳ ಹನ್ನೊಂದರ ಶನಿವಾರ ಧಕ್ಕೆಯುಂಟಾಗಿದ್ದು, ಸಕಲರ ಅವಗಾಹನೆಗಾಗಿ ತತ್ವಗಳನ್ನು ಮೊದಲು ನೆನಪಿಸಿ, ನಂತರ ಘಟನೆಯನ್ನು ವಿವರಿಸಿ, ತರುವಾಯ ಆದೇಶಿಸಲು ತೀರ್ಮಾನಿಸಲಾಗಿದೆ.

ತತ್ವಗಳು

1. ಸನ್ನದ್ಧತೆ: ಕುರ್ಚಿಯ ಪರಮ ಗುರಿ ಸನ್ನದ್ಧವಾಗಿರುವುದು. ಒಬ್ಬರು ಕೂತ ಕುರ್ಚಿ ಇನ್ನೊಬ್ಬರು ಕೂರಲು ಸನ್ನದ್ಧವಲ್ಲ. ಆದಕಾರಣ ಕೂರುವಿಕೆಯನ್ನು ಸಮೂಹದ ದೋಷಗಳಲ್ಲಿ ತುಕ್ಕು ಮತ್ತು ಗಾಳಿಯಿಳಿತಗಳ ನಂತರದ ಸ್ಥಾನದಲ್ಲಿ ವರ್ಗೀಕರಿಸಲಾಗಿದೆ.

2. ಮುಂದಾಲೋಚನೆ: ಕಾಲು ಮುರಿದುಕೊಳ್ಳಲಿರುವ ಸದಸ್ಯರು ಒಂದು ತಿಂಗಳು ಮುಂಚಿತವಾಗಿ ಯಾವ ಕಾಲೆಂಬುದನ್ನು ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು. ಶೌಚಕುರ್ಚಿಯ ತುರ್ತು ಅರ್ಜಿಗಳನ್ನು ಮೂರು ಕೆಲಸದ ದಿನಗಳೊಳಗೆ ಪರಿಶೀಲಿಸಲಾಗುವುದು. ಅಲ್ಲಿಯವರೆಗೆ ಅರ್ಜಿದಾರರು ಸಂಯಮದಿಂದ ಸಹಕರಿಸುವಂತೆ ವಿನಂತಿಸಲಾಗಿದೆ.

3. ಹಂಚಿದ ದಾಸ್ತಾನು: ಎಲ್ಲ ಸಾಮಗ್ರಿಯನ್ನೂ ಒಂದೇ ಕಡೆ ಇಡುವುದು ಸಾಗಣೆಶಾಸ್ತ್ರಕ್ಕೆ ವಿರುದ್ಧ. ಅದರಂತೆ ಕುರ್ಚಿಗಳನ್ನು ಸಾಂಟಾ ಕ್ಲಾರಾದಲ್ಲಿಯೂ, ಅವುಗಳ ಕಾಲಿಡುವ ಹಲಗೆಗಳನ್ನು ಓಕ್ಲ್ಯಾಂಡಿನ ಸದಸ್ಯರೊಬ್ಬರ ಶೆಡ್ಡಿನಲ್ಲಿಯೂ ಇರಿಸಲಾಗಿದೆ. ಭೂಕಂಪವಾದ ಪಕ್ಷದಲ್ಲಿ ಕುರ್ಚಿ ಹೋದರೂ ಹಲಗೆ ಉಳಿಯುತ್ತದೆ.

4. ಪ್ರಯಾಣಪೂರ್ವ ತಪಾಸಣೆ: ಟ್ರಕ್ಕಿಗೆ ಕಡ್ಡಾಯವಾದುದೆಲ್ಲ ಕುರ್ಚಿಗೂ ಕಡ್ಡಾಯ. ಹಿಂದಕ್ಕೆ ಎಳೆಯುವಾಗ ಎಚ್ಚರಿಕೆಯ ಸದ್ದು ಬರತಕ್ಕದ್ದು. ಕುರ್ಚಿಗಳಲ್ಲಿ ಸದರಿ ಸಾಧನವಿಲ್ಲದ ಕಾರಣ ತಳ್ಳುವವರು ಬಾಯಿಯಿಂದ ಪೀಂ ಪೀಂ ಎನ್ನತಕ್ಕದ್ದು. ಕೂತವರು ಹೀಗೆನ್ನುವುದು ನಿಯಮಬಾಹಿರ. ಮಡಿಲಲ್ಲಿ ಏನನ್ನಾದರೂ ಇಟ್ಟುಕೊಂಡು ಸಾಗಿದಲ್ಲಿ ಅದನ್ನು ಸರಕು ಸಾಗಣೆಯೆಂದು ಭಾವಿಸಲಾಗುವುದು; ಅದಕ್ಕೆ ಪ್ರತ್ಯೇಕ ಪರವಾನಗಿ ಅಗತ್ಯ.

5. ಆಯುಧಪೂಜೆ: ಪ್ರತಿ ವರ್ಷದಂತೆ ಈ ವರ್ಷವೂ ಕುರ್ಚಿಗಳನ್ನು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆದು ಪೂಜಿಸಲಾಯಿತು. ಗಾಲಿಯಡಿ ಇಟ್ಟ ನಿಂಬೆಹಣ್ಣನ್ನು ಜಜ್ಜಲು ಒಂದೊಂದು ಕುರ್ಚಿಯನ್ನೂ ಒಂದಡಿ ಮುಂದಕ್ಕೆ ತಳ್ಳಲಾಯಿತು. ಆರು ಕುರ್ಚಿಗಳಿಂದ ಒಟ್ಟು ಆರಡಿಯಾಗಿದ್ದು, ಇದನ್ನು ಸಮೂಹವು ಈ ವರ್ಷ ಅಂದಿನವರೆಗೆ ಕ್ರಮಿಸಿದ ಒಟ್ಟು ದೂರವೆಂದು ಹೆಮ್ಮೆಯಿಂದ ದಾಖಲಿಸಲಾಗಿದೆ. ನಿಂಬೆರಸದಿಂದ ತುಕ್ಕು ಹಿಡಿಯುವ ಸಂಭವವಿರುವುದರಿಂದ ಎಲ್ಲ ಕುರ್ಚಿಗಳನ್ನೂ ಕೂಡಲೇ ಒರೆಸಿ, ಎಣ್ಣೆ ಹಾಕಿ, ಪ್ಲಾಸ್ಟಿಕ್ ಹೊದಿಸಿ ವಿಶ್ರಾಂತಿಗೆ ಕಳುಹಿಸಲಾಯಿತು.

6. ಅಳತೆ ಪರೀಕ್ಷೆ: ನಡೆಯಲಾಗದ ಅರ್ಜಿದಾರರು ಖುದ್ದಾಗಿ ಉಗ್ರಾಣಕ್ಕೆ ಬಂದು, ಕುರ್ಚಿಯಲ್ಲಿ ಕೂತು, ತಮಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು. ಪರೀಕ್ಷೆಯ ನಂತರ ಕುರ್ಚಿಯನ್ನು ಒಳಗಿಟ್ಟು, ಅರ್ಜಿಯನ್ನು ವರ್ಷಾಂತ್ಯದವರೆಗೆ ಪರಿಶೀಲನೆಯಲ್ಲಿಡಲಾಗುವುದು. ಈ ಕಲಮಿನಲ್ಲಿ "ಅರ್ಜಿದಾರರಿಗೆ ತೃಪ್ತಿಯಾಗುವವರೆಗೆ ಪರೀಕ್ಷೆ ನಡೆಯತಕ್ಕದ್ದು" ಎಂಬ ವಾಕ್ಯವನ್ನು, ವಿಭಾಗವು ಜನಸ್ನೇಹಿಯೆಂದು ತೋರಲಿ ಎಂಬ ಒಂದೇ ಉದ್ದೇಶದಿಂದ ಸೇರಿಸಲಾಗಿತ್ತು. ಸದರಿ ವಾಕ್ಯದ ಬಗ್ಗೆ ವಿಭಾಗವು ಈಗ ತೀವ್ರವಾಗಿ ವಿಷಾದಿಸುತ್ತದೆ.

ಘಟನೆಯ ವಿವರ

7. ಮೂಲತಃ ಬಾಗಲಕೋಟೆಯವರಾದ ಶ್ರೀಮತಿ ಈರವ್ವ, ಕ್ಯಾಂಪ್‌ಬೆಲ್‌ನಲ್ಲಿ ಮಗಳು ಉಮಾಶ್ರೀ ಮತ್ತು ಅಳಿಯ ಗುರುಕಿರಣ ಅವರೊಂದಿಗೆ ವಾಸವಾಗಿರುತ್ತಾರೆ. ಬಚ್ಚಲಿನಲ್ಲಿ ಜಾರಿ ಬಲಗಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆಯೇ ಅರ್ಜಿ ಸಲ್ಲಿಸಿರುವುದು ಮುಂದಾಲೋಚನೆಯ ತತ್ವದ ಸ್ಪಷ್ಟ ಉಲ್ಲಂಘನೆಯಾಗಿರುತ್ತದೆ. ಅರ್ಜಿಯಲ್ಲಿ ಉದ್ದೇಶವೇನೆಂದು ಕೇಳಿದ ಕಡೆ, "ಭುವನೇಶ್ವರಿ ಊರಿಗೆ ಹೊರಟಾಳ. ಏರ್‌ಪೋರ್ಟಿನ ಗೆರಿ ತನಕ ಬಿಟ್ಟು ಬರಬೇಕು" ಎಂದು ಮಗಳ ಕೈಯಿಂದ ಬರೆಸಿರುತ್ತಾರೆ. ಆಸ್ಪತ್ರೆ, ದೇವಸ್ಥಾನ ಮತ್ತು ಸಂಘದ ಸಮಾರಂಭ, ಇವು ಮೂರೇ ಮಾನ್ಯ ಉದ್ದೇಶಗಳು. ಗೆಳತಿ ಎಂಬುದು ಇವುಗಳಲ್ಲಿ ಇಲ್ಲ.

8. ಸದರಿ ಗೆಳೆತನದ ಮೂಲವನ್ನು ವಿಚಾರಿಸಲಾಗಿ ತಿಳಿದುಬಂದದ್ದೇನೆಂದರೆ: ಎಲ್ ಕ್ಯಾಮಿನೊ ರಸ್ತೆಯ ಭಾರತೀಯ ಅಂಗಡಿಯೊಂದರ ಮುಂದೆ ಒಂದು ಬೆಂಚು ಇರುತ್ತದೆ. ಶನಿವಾರದಂದು ಮಕ್ಕಳು ಒಳಗೆ ಕಾರ್ಟು ತುಂಬುವಷ್ಟು ಹೊತ್ತು, ಈರವ್ವ ಮತ್ತು ಮೈಸೂರಿನ ಶ್ರೀಮತಿ ಭುವನೇಶ್ವರಿ ಅದರ ಮೇಲೆ ಕೂತಿರುತ್ತಿದ್ದರು. ಮೊದಲ ದಿನ ಈರವ್ವ, "ನಿಮ್ಮ ಕನ್ನಡ ಮೊಸರನ್ನ ಕಲಸಿದಂಗ ಐತಿ ನೋಡ್ರಿ, ಸದ್ದೇ ಇಲ್ಲ" ಎಂದರಂತೆ. ಅದಕ್ಕೆ ಭುವನೇಶ್ವರಿಯವರು, "ನಿಮ್ಮದು ರೊಟ್ಟಿ ತಟ್ಟಿದ ಹಾಗಿದೆ ಕಣ್ರೀ, ಪಕ್ಕದ ಬೀದಿಗೂ ಕೇಳ್ಸತ್ತೆ" ಎಂದರಂತೆ. ಅಲ್ಲಿಂದಾಚೆಗೆ ಇಬ್ಬರೂ ಒಂದು ಶನಿವಾರವನ್ನೂ ತಪ್ಪಿಸಿರುವುದಿಲ್ಲ. ಮನೆಯಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಕ್ಕಳಿರುವಾಗ, ವಾರಕ್ಕೊಮ್ಮೆ ಬಾಯ್ತುಂಬ ಬೈಯಲು ಒಬ್ಬರು ಸಿಕ್ಕಿದ್ದು ಈರವ್ವ ಅವರ ಪಾಲಿಗೆ ದೊಡ್ಡ ಸಂಗತಿಯಾಗಿತ್ತೆಂದು ಮಗಳು ಹೇಳಿಕೆ ನೀಡಿರುತ್ತಾರೆ. ಈ ಹೇಳಿಕೆಗೂ ಕುರ್ಚಿಗಳ ನಿರ್ವಹಣೆಗೂ ಸಂಬಂಧ ಕಂಡುಬರುವುದಿಲ್ಲ.

9. ಇಷ್ಟು ದೂರದ ವಿಮಾನ ಪ್ರಯಾಣ ಇನ್ನು ಬೇಡವೆಂದು ವೈದ್ಯರು ಹೇಳಿದ ಕಾರಣ ಭುವನೇಶ್ವರಿಯವರು ಮೈಸೂರಿಗೆ ಹೋದರೆ ಮತ್ತೆ ಬರುವಂತಿರಲಿಲ್ಲ. ಯಾರು ಮೊದಲು ಹೊರಟರೂ ಉಳಿದವರು ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರಲ್ಲದವರನ್ನು ತಡೆಯುವ ಗೆರೆಯವರೆಗೆ ಹೋಗಿ ಬೀಳ್ಕೊಡಬೇಕೆಂದು ಬೆಂಚಿನ ಮೇಲೆ ಮಾತಾಗಿತ್ತಂತೆ. ಇಂಥ ಬಾಯಿಮಾತಿನ ಒಪ್ಪಂದಕ್ಕೆ ವಿಭಾಗದ ಅನುಮೋದನೆ ಪಡೆದಿರುವುದಿಲ್ಲ. ವಿಮಾನಸಂಸ್ಥೆಯವರ ಕುರ್ಚಿ ಪ್ರಯಾಣಿಕರಿಗೆ ಮಾತ್ರ. ಕಾರು ನಿಲ್ಲಿಸುವ ಕಟ್ಟಡದಿಂದ ಗೆರೆಯವರೆಗೆ ಪ್ಲಾಸ್ಟರಿನ ಕಾಲಿನಲ್ಲಿ ನಡೆಯುವುದು ಸಾಧ್ಯವಿರಲಿಲ್ಲ. ಸಂಘದ ಕುರ್ಚಿಯ ಹೊರತು ಅವರಿಗೆ ಬೇರೆ ದಾರಿಯಿರಲಿಲ್ಲವೆಂಬುದನ್ನು ವಿಭಾಗವು ಒಪ್ಪುತ್ತದೆ. ಒಪ್ಪಿದ ಮಾತ್ರಕ್ಕೆ ಏನನ್ನಾದರೂ ಮಾಡಬೇಕೆಂದಿಲ್ಲ.

10. ಆದಾಗ್ಯೂ ಸಂಚಾಲಕರು ಮಾನವೀಯತೆಯ ದೃಷ್ಟಿಯಿಂದ ದೂರವಾಣಿಯಲ್ಲಿ, "ಅಮ್ಮಾ, ವಿಡಿಯೋ ಕಾಲ್ ಮಾಡ್ಬಿಡಿ. ಎದುರಿಗೇ ಇದ್ದ ಹಾಗಿರತ್ತೆ" ಎಂದು ಪರ್ಯಾಯ ಸೂಚಿಸಿರುತ್ತಾರೆ. ಅದಕ್ಕೆ ಅರ್ಜಿದಾರರು, "ರೊಟ್ಟಿ ಗಂಟು ಕಟ್ಟೀನಿ ತಮ್ಮಾ. ಫೋನಿನ್ಯಾಗ ಹೆಂಗ ತುರುಕ್ಲಿ?" ಎಂದು ಕೇಳಿದ್ದು, ತಾಂತ್ರಿಕ ಸಮಿತಿಯ ಅಭಿಪ್ರಾಯ ಇನ್ನೂ ಬಂದಿಲ್ಲ.

11. ಕಡೆಗೆ ಕಲಮು ಆರರಂತೆ ಅಳತೆ ಪರೀಕ್ಷೆಗೆ ಅವರನ್ನು ಶನಿವಾರ ಬೆಳಿಗ್ಗೆ ಕರೆಯಲಾಯಿತು. ಅದು ಭುವನೇಶ್ವರಿಯವರು ಹೊರಡುವ ದಿನವೇ ಆಗಿದ್ದುದು ಕಾಕತಾಳೀಯ. ಸಂಚಾಲಕರಿಗೆ ಬೇರೆ ದಿನ ಬಿಡುವಿರಲಿಲ್ಲ. ಮಗಳು ಮತ್ತು ಅಳಿಯ ಈರವ್ವ ಅವರನ್ನು ಊಟದ ಮೇಜಿನ ಕುರ್ಚಿಯೊಂದರಲ್ಲಿ ಕೂರಿಸಿ, ವ್ಯಾನಿನಿಂದ ಗ್ಯಾರೇಜಿಗೆ ಹೊತ್ತು ತಂದರು. ಕುರ್ಚಿ ಬೇಡಲು ಕುರ್ಚಿಯ ಮೇಲೆಯೇ ಹೊತ್ತು ತರಲಾದ ಪ್ರಥಮ ಅರ್ಜಿದಾರರು ಇವರಾಗಿರುತ್ತಾರೆ. ಅವರ ಕೈಯಲ್ಲಿ ಬಟ್ಟೆಯ ಗಂಟೊಂದಿತ್ತು. ಅದು ಏಕೆಂದು ಯಾರೂ ಕೇಳದಿದ್ದುದು ಭದ್ರತಾ ಲೋಪ.

12. ಸಾಲಾಗಿ ನಿಂತ ಆರು ಕುರ್ಚಿಗಳನ್ನು, ಪ್ಲಾಸ್ಟಿಕ್ಕಿನೊಳಗೆ ಒಣಗುತ್ತಿದ್ದ ಚೆಂಡುಹೂವನ್ನು ಈರವ್ವ ಬಹಳ ಹೊತ್ತು ನೋಡಿದರು. ಅನಂತರ ನಾಲ್ಕನೆಯದನ್ನು ತೋರಿಸಿ, "ಅದನ್ನ ತಗೀರಿ" ಎಂದರು. ಸದರಿ ಕುರ್ಚಿಯನ್ನು ಅವರ ಪತಿ ದಿವಂಗತ ಬಸವಂತಪ್ಪನವರಿಗಾಗಿ ಮಗಳು ಕೊಂಡಿದ್ದು, ಅವರು ತೀರಿಕೊಂಡ ಮೇಲೆ ಈರವ್ವ ಅವರೇ ಸಂಘಕ್ಕೆ ಕೊಟ್ಟಿದ್ದರೆಂಬುದು ದಾಖಲೆಯಲ್ಲಿದೆ. ದಾನ ಕೊಟ್ಟವರೆಂಬ ಕಾರಣಕ್ಕೆ ಅರ್ಜಿದಾರರಿಗೆ ಪಕ್ಷಪಾತ ತೋರುವುದು ಸಮಾನತೆಯ ತತ್ವಕ್ಕೆ ವಿರುದ್ಧವಾದುದರಿಂದ ವಿಭಾಗವು ಆ ಅಂಶವನ್ನು ಕಡೆಗಣಿಸಿತು. ಕೂತ ಮೇಲೆ ಅವರು ಎರಡೂ ಕೈಗಳಿಂದ ಅದರ ತೋಳುಗಳನ್ನು ಒಮ್ಮೆ ಸವರಿದರೆಂದು ಪರಿವೀಕ್ಷಕರು ಟಿಪ್ಪಣಿ ಮಾಡಿರುತ್ತಾರೆ. ಸವರಿದ ಕಡೆಗಳನ್ನು ಮತ್ತೆ ಒರೆಸಬೇಕಾಗುತ್ತದೆ.

13. ಅಷ್ಟರಲ್ಲಿ ಸಂಚಾಲಕರು ಗಾಲಿಯ ಗಾಳಿ ಅಳೆಯುವ ಸಾಧನ ತರಲು ಮನೆಯೊಳಗೆ ಹೋದರು. ಪರಿವೀಕ್ಷಕಿ ರಂಜನಿಯವರು ಕಲಮು ಆರನ್ನು ಓದಿ ಹೇಳಿ, "ಆಂಟಿ, ಇದು ಜಸ್ಟ್ ಟ್ರಯಲ್ಲು. ಕೂತು, ಕಂಫರ್ಟಬಲ್ ಆಗಿದ್ಯಾ ಅಂತ ಹೇಳಿದ್ರೆ ಸಾಕು" ಎಂದರು.

"ಕೂತ್ರ ಏನ್ ತಿಳೀತೈತಿ ಯವ್ವಾ, ಉರುಳಿದ್ರ ತಿಳೀತೈತಿ. ಉಮಾ, ನಡಿ."

ಉಮಾಶ್ರೀಯವರು ತಳ್ಳಿದರು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಪರೀಕ್ಷೆಯು ಗ್ಯಾರೇಜಿನೊಳಗೇ ನಡೆಯಬೇಕೆಂದು ಕಲಮಿನಲ್ಲಿ ಎಲ್ಲಿಯೂ ಹೇಳಿರಲಿಲ್ಲ. ರಂಜನಿಯವರು ಟ್ಯಾಬ್ಲೆಟ್ಟಿನಲ್ಲಿ ನಿಯಮ ಹುಡುಕುತ್ತಿದ್ದಂತೆ, ಅಳಿಯ ವ್ಯಾನಿನ ಹಿಂಬಾಗಿಲನ್ನು ಎತ್ತಿಹಿಡಿದು ನಿಂತಿದ್ದರು. ಗಾಳಿ ಅಳೆಯುವ ಸಾಧನದೊಂದಿಗೆ ಹಿಂದಿರುಗಿದ ಸಂಚಾಲಕರಿಗೆ ಊಟದ ಮೇಜಿನ ಕುರ್ಚಿಯೊಂದು ಮಾತ್ರ ಕಂಡುಬಂದಿತು. ಅದಕ್ಕೆ ಗಾಲಿಯಿಲ್ಲದ ಕಾರಣ ಗಾಳಿ ಅಳೆಯಲಾಗಲಿಲ್ಲ.

14. ಅವರು ಕೂಡಲೇ ಕರೆಮಾಡಿ, "ಅಮ್ಮಾ, ಚೇರು ಎಲ್ಲಿದೆ?" ಎಂದು ವಿಚಾರಿಸಿದರು.

"ನನ್ನ ಕೆಳಗ ಐತ್ರೀ."

"ಅದಲ್ಲಮ್ಮ, ಟ್ರಯಲ್ ಅಂದ್ರೆ ಎರಡು ನಿಮಿಷ ಕೂತು ಏಳೋದು."

"ನನಗಿನ್ನಾ ತೃಪ್ತಿ ಆಗಿಲ್ಲ. ಆಕಿ ನಿಮ್ಮ ಕಾನೂನು ಓದಿ ಹೇಳ್ಯಾಳ."

ಉಲ್ಲೇಖ ಮೂರರ ಉತ್ತರವೆಂದರೆ ಇದೇ. ವಿಭಾಗದ ಕಾನೂನು ಸಲಹೆಗಾರರು ಇದನ್ನು ಮೂರು ಸಲ ಓದಿ, ಇದರಲ್ಲಿ ತಪ್ಪು ಹುಡುಕಲು ಕಾಲಾವಕಾಶ ಕೋರಿರುತ್ತಾರೆ.

15. ವಿಮಾನ ನಿಲ್ದಾಣದಲ್ಲಿ ಭುವನೇಶ್ವರಿಯವರು ವಿಮಾನಸಂಸ್ಥೆಯ ಕುರ್ಚಿಯಲ್ಲಿ ಕೂತಿದ್ದರು. ಈರವ್ವ ಉರುಳಿಕೊಂಡು ಬಂದುದನ್ನು ಕಂಡು, "ಏನ್ರೀ ಇದು, ನನ್ನ ಜೊತೆ ರೇಸಿಗೆ ಬಂದ್ರಾ?" ಎಂದರು. "ಮಾತು ಕೊಟ್ಟಿದ್ನಲ್ಲ. ನಡೀರಿ, ಆ ಗೆರಿ ಎಲ್ಲೈತಿ ನೋಡೂಣು" ಎಂದು ಈರವ್ವ ಉತ್ತರಿಸಿದರು. ಕಾಲಿಡುವ ಹಲಗೆ ಓಕ್ಲ್ಯಾಂಡಿನಲ್ಲಿದ್ದುದರಿಂದ ಪ್ಲಾಸ್ಟರಿನ ಕಾಲನ್ನು ಉಮಾಶ್ರೀಯವರ ದುಪಟ್ಟಾದ ಜೋಲಿಯಲ್ಲಿ ತೂಗುಹಾಕಲಾಗಿತ್ತು. ಎರಡು ಕುರ್ಚಿಗಳು ಅಕ್ಕಪಕ್ಕ ಸಾಗಿದವು. ಇದು ಸಮೂಹ ಚಾಲನೆಯ ಅಂತರ ನಿಯಮಕ್ಕೆ ವಿರುದ್ಧ. ದಾರಿಯುದ್ದಕ್ಕೂ ಇಬ್ಬರೂ ಒಬ್ಬರ ಕನ್ನಡವನ್ನೊಬ್ಬರು ಆಡಿಕೊಂಡರು. ಪೀಂ ಪೀಂ ಸದ್ದನ್ನು ಯಾರೂ ಮಾಡಲಿಲ್ಲ.

16. ಗೆರೆಯ ಬಳಿ ಈರವ್ವ ಮಡಿಲಿನ ಗಂಟನ್ನು ಭುವನೇಶ್ವರಿಯವರ ಮಡಿಲಿಗೆ ದಾಟಿಸಿದರು. ಅದರಲ್ಲಿ ಮುಟ್ಟಿದರೆ ಮುರಿಯುವ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಇದ್ದು, ಪರವಾನಗಿರಹಿತ ಸರಕು ಸಾಗಣೆ ಸಾಬೀತಾಗಿದೆ. ಆಮೇಲೆ ಇಬ್ಬರೂ ಅಲ್ಲಿ ಸ್ವಲ್ಪ ಹೊತ್ತು ಇದ್ದರು. ಏನು ಮಾತಾಡಿದರೆಂದು ಕೇಳಿದ್ದಕ್ಕೆ ಉಮಾಶ್ರೀಯವರು, "ಏನೂ ಇಲ್ಲ. ಕೈ ಹಿಡಕೊಂಡು ಕೂತಿದ್ರು" ಎಂದಿರುತ್ತಾರೆ. ಅಷ್ಟೊಂದು ಮಾತಾಡುವವರು ಅಲ್ಲಿ ಸುಮ್ಮನಿದ್ದರೆಂಬುದು ನಂಬಲರ್ಹವಲ್ಲವಾದ್ದರಿಂದ, ಇದನ್ನು ಮಾಹಿತಿ ಮುಚ್ಚಿಡುವಿಕೆಯೆಂದು ಪರಿಗಣಿಸಲಾಗಿದೆ. ಭುವನೇಶ್ವರಿಯವರ ಕುರ್ಚಿ ಗೆರೆ ದಾಟಿ ತಿರುವಿನಲ್ಲಿ ಮರೆಯಾದ ಮೇಲೂ ಕುರ್ಚಿ ಸಂಖ್ಯೆ ನಾಲ್ಕು ಬ್ರೇಕು ಹಾಕಿಕೊಂಡು ಅಲ್ಲಿಯೇ ನಿಂತಿತ್ತು. ಬ್ರೇಕು ಚೆನ್ನಾಗಿ ಹಿಡಿದಿದ್ದನ್ನು ನಿರ್ವಹಣೆಯ ಯಶಸ್ಸೆಂದು ದಾಖಲಿಸಲಾಗಿದೆ.

17. ಅಂದು ಡ್ಯಾಶ್‌ಬೋರ್ಡಿನಲ್ಲಿ ಮೊದಲ ಕೆಂಪು ಚುಕ್ಕೆ ಕಾಣಿಸಿಕೊಂಡಿತು. ಮುಂದಿನ ಶನಿವಾರ ಈರವ್ವ ಅದೇ ಕುರ್ಚಿಯಲ್ಲಿ ಅಂಗಡಿಯ ಬೆಂಚಿನ ಪಕ್ಕಕ್ಕೆ ಬಂದು, ಅಲ್ಲಿದ್ದ ಇತರ ಹಿರಿಯರಿಗೆ ಕಲಮು ಆರನ್ನು ಬಾಯಿಪಾಠವಾಗಿ ಒಪ್ಪಿಸಿರುತ್ತಾರೆ. ಪರಿಣಾಮವಾಗಿ ಈ ಸುತ್ತೋಲೆ ಹೊರಡುವ ಹೊತ್ತಿಗೆ ಉಳಿದ ಐದು ಕುರ್ಚಿಗಳೂ ಅಳತೆ ಪರೀಕ್ಷೆಗೆಂದು ಹೊರಗೆ ಹೋಗಿರುತ್ತವೆ. ಯಾರಿಗೂ ಇನ್ನೂ ತೃಪ್ತಿಯಾಗಿಲ್ಲ. ಒಬ್ಬರು ಹೂದೋಟದಲ್ಲಿ, ಒಬ್ಬರು ಗ್ರಂಥಾಲಯದಲ್ಲಿ, ಒಬ್ಬರು ಮೊಮ್ಮಗಳ ಶಾಲೆಯ ಗೇಟಿನಲ್ಲಿ ಪರೀಕ್ಷೆ ನಡೆಸುತ್ತಿರುವುದಾಗಿ ವರದಿಗಳು ಬಂದಿವೆ. ಸನ್ನದ್ಧತೆ ಸೊನ್ನೆಯಾಗಿದೆ. ಸಂಘದ ಇತಿಹಾಸದಲ್ಲಿ ಇಷ್ಟು ಕುರ್ಚಿಗಳಲ್ಲಿ ಇಷ್ಟು ಜನ ಕೂತ ದುರ್ದಿನ ಹಿಂದೆಂದೂ ಬಂದಿರಲಿಲ್ಲ.

ಆದೇಶ

18. ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

ಅ) ಇನ್ನು ಮುಂದೆ ಅಳತೆ ಪರೀಕ್ಷೆಯನ್ನು ನಿಂತುಕೊಂಡೇ ಮಾಡತಕ್ಕದ್ದು. ನಿಲ್ಲಲಾಗದವರು ಕುರ್ಚಿಯ ಭಾವಚಿತ್ರವನ್ನು ನೋಡಿ ತೃಪ್ತರಾಗತಕ್ಕದ್ದು.

ಆ) ತೃಪ್ತಿ ಎಂಬ ಪದವನ್ನು ವಿಭಾಗದ ಎಲ್ಲ ನಿಯಮಗಳಿಂದ ತೆಗೆದುಹಾಕಲಾಗಿದೆ.

ಇ) ಗೆಳೆತನವನ್ನು ನಿಷಿದ್ಧ ಉದ್ದೇಶಗಳ ಸಾಲಿಗೆ ಸೇರಿಸಲಾಗಿದೆ.

ಈ) ಶ್ರೀಮತಿ ಈರವ್ವ ಅವರು ಕುರ್ಚಿಯನ್ನು ತೊಳೆದು, ಒರೆಸಿ, ಖುದ್ದಾಗಿ ನಡೆದುಬಂದು ಹಿಂದಿರುಗಿಸತಕ್ಕದ್ದು. ತದನಂತರ ಅವರ ಅರ್ಜಿಯನ್ನು ಜ್ಯೇಷ್ಠತೆಯ ಮೇರೆಗೆ ಪರಿಶೀಲಿಸಲಾಗುವುದು. ಅಷ್ಟರೊಳಗೆ ಕಾಲು ಕೂಡಿಕೊಂಡಿದ್ದಲ್ಲಿ, ಅರ್ಜಿಯು ಯಶಸ್ವಿಯಾಗಿ ವಿಲೇವಾರಿಯಾಯಿತೆಂದು ಘೋಷಿಸಲಾಗುವುದು.

ಉ) ಮುಂದಿನ ಆಯುಧಪೂಜೆಯೊಳಗೆ ಕುರ್ಚಿಗಳು ಬಾರದಿದ್ದಲ್ಲಿ ನಿಂಬೆಹಣ್ಣುಗಳನ್ನು ಕೈಯಿಂದಲೇ 
ಜಜ್ಜಲಾಗುವುದು.

ಸಹಿ/-
(ದ್ವಾರಕಾನಾಥ)
ಸಂಚಾಲಕರು
ಸಾಮಗ್ರಿ ಸಾಗಣೆ, ನಿರ್ವಹಣೆ ಮತ್ತು ಸನ್ನದ್ಧತಾ ವಿಭಾಗ

ಪ್ರತಿಗಳು:

1. ಸಂಘದ ಅಧ್ಯಕ್ಷರಿಗೆ, ಚಪ್ಪಾಳೆಯನ್ನು ಹಿಂಪಡೆಯದಿರುವ ಕೋರಿಕೆಯೊಂದಿಗೆ.

2. ಶ್ರೀಮತಿ ರಂಜನಿ, ಸನ್ನದ್ಧತಾ ಪರಿವೀಕ್ಷಕರಿಗೆ. ಕುರ್ಚಿ ಸಂಖ್ಯೆ ಎರಡರ ಪರೀಕ್ಷೆಯಲ್ಲಿರುವುದು ಇವರ ತಾಯಿಯೇ ಆಗಿರುವುದರಿಂದ, ಮನೆಯಲ್ಲಿಯೇ ಮನವೊಲಿಸುವ ಸಲುವಾಗಿ. (ತಾಯಿಯನ್ನು ತಳ್ಳಿಕೊಂಡು ಹೋಗಿದ್ದು ಇವರೇ ಎಂಬ ಸುದ್ದಿಯ ಬಗ್ಗೆ ವಿವರಣೆ ಕೋರಲಾಗಿದೆ.)

3. ಓಕ್ಲ್ಯಾಂಡಿನ ಶೆಡ್ಡಿನ ಸದಸ್ಯರಿಗೆ, ಹಲಗೆಗಳನ್ನು ಯಾರು ಕೇಳಿದರೂ ಕೊಡದಿರಲು. (ಎಲ್ಲವನ್ನೂ ಕೊಟ್ಟಾಗಿದೆಯೆಂದು ಅವರು ತಿಳಿಸಿರುತ್ತಾರೆ.)

4. ಶ್ರೀಮತಿ ಭುವನೇಶ್ವರಿ, ಮೈಸೂರು, ಇವರಿಗೆ. "ರೊಟ್ಟಿ ಒಂದೂ ಮುರೀಲಿಲ್ಲ, ಅವರಿಗೆ ಹೇಳಿ" ಎಂದು ಇವರು ಕಳುಹಿಸಿದ ಧ್ವನಿಸಂದೇಶವನ್ನು ಸಮೂಹದ ಸಾಗಣೆಯ ಬಗ್ಗೆ ಬಂದ ಏಕೈಕ ಮೆಚ್ಚುಗೆಯಾಗಿ ಕಡತದಲ್ಲಿ ಇರಿಸಲಾಗಿದೆ.

5. ಶ್ರೀಮತಿ ಈರವ್ವ, ಕುರ್ಚಿ ಸಂಖ್ಯೆ ನಾಲ್ಕು, ಇವರಿಗೆ, ಎಲ್ಲಿದ್ದರೆ ಅಲ್ಲಿಗೆ. ಮನೆಯಲ್ಲಿ ಸಿಗುತ್ತಿಲ್ಲ.